ಏರಿ ಕರಗಿದ ಕೆರೆ: ಹೂತುಹೋದ ಹಿಮನದಿಯ ಒಂದು ಪ್ರಕರಣ

ನಮ್ಮ ಕಡೆ ಕೆರೆ ಅಂದರೆ ಏರಿ ಇದ್ದೇ ಇರುತ್ತದೆ. ಜೋರು ಮಳೆ ಬಂದಾಗ ಊರವರು ಮೊದಲು ಓಡುವುದು ಏರಿಯ ಕಡೆಗೆ. ಎಲ್ಲಾದರೂ ಒಸರುತ್ತಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡುತ್ತಾರೆ. ಏರಿ ಗಟ್ಟಿ ಇದ್ದರೆ ಕೆರೆ ಇದ್ದ ಹಾಗೆ.

ಈಗ ಹೇಳುವ ಕೆರೆಯನ್ನು ಯಾರೂ ಕಟ್ಟಿದ್ದಲ್ಲ. ಅದಿದ್ದದ್ದು ಕೆನಡಾದ ವಾಯುವ್ಯ ಮೂಲೆಯಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕೆ. ತೀರಾ ಚಿಕ್ಕದು, ಅದಕ್ಕೊಂದು ಹೆಸರೂ ಇರಲಿಲ್ಲ. ಅದರ ನೀರನ್ನು ತಡೆದು ನಿಲ್ಲಿಸಿದ್ದ ದಡದ ಒಳಗೆ ಇದ್ದದ್ದು ಐಸ್. ಸಾವಿರಾರು ವರ್ಷಗಳ ಹಿಂದಿನ ಹಿಮನದಿಯ ಐಸ್. 2015ರಲ್ಲಿ ಆ ದಡ ಕೈಬಿಟ್ಟಿತು. ಎರಡೇ ಗಂಟೆಯಲ್ಲಿ ಕೆರೆಯ ನೀರು ಇಳಿಜಾರಿಗೆ ಧುಮುಕಿತು.

ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಯಾರು ಮಾಡಿದರು ಅನ್ನುವುದಕ್ಕಿಂತ ಏನು ತೀರ್ಮಾನ ಮಾಡಿದರು ಅನ್ನುವುದು ನನಗೆ ಮುಖ್ಯ. ಭೂವಿಜ್ಞಾನ ಓದುವವರಿಗೆ, ರಸ್ತೆ ಕಟ್ಟುವವರಿಗೆ, ಬೆಟ್ಟದ ಮೇಲೆ ನೀರು ನಿಲ್ಲಿಸುವವರಿಗೆ, ಎಲ್ಲರಿಗೂ ಈ ಪ್ರಕರಣದಲ್ಲಿ ಕಲಿಯಲು ಇದೆ ಅಂತ ನಂಬಿ ಬರೆಯುತ್ತಿದ್ದೇನೆ.

ನೆಲದೊಳಗೆ ಉಳಿದ ಹಿಮನದಿ

ಆ ಕೆರೆ ಇದ್ದ ಸೀಮೆಯಲ್ಲಿ, ಪೀಲ್ ನದಿಯ ದಡದಲ್ಲಿ, ಫೋರ್ಟ್ ಮ್ಯಾಕ್‌ಫರ್ಸನ್ ಅನ್ನುವ ಚಿಕ್ಕ ಊರಿದೆ. ಸುಮಾರು 700 ಜನ. ಹೆಚ್ಚಿನವರು ಗ್ವಿಚಿನ್ ಸಮುದಾಯದವರು. ಇಲ್ಲಿನ ಗ್ವಿಚಿನ್ ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿನ ಅರ್ಥ 'ನೀರಿನ ಮೂಲದ ಜನ' ಅಂತ. ಮೀನು, ಕಾಡುಹಿಮಸಾರಂಗ, ಈ ನದಿ, ಈ ತೊರೆಗಳು, ಇವೇ ಅವರ ಬದುಕು. 1979ರಲ್ಲಿ ತೆರೆದ ಡೆಂಪ್‌ಸ್ಟರ್ ಹೆದ್ದಾರಿ ಈ ಊರಿನ ಪಕ್ಕದಲ್ಲೇ ಹಾಯುತ್ತದೆ. ಜಲ್ಲಿ ಹಾಕಿದ ರಸ್ತೆ. ಬೇಸಿಗೆಯಲ್ಲಿ ಗಾಡಿಗಳು ನದಿಯನ್ನು ದೋಣಿಯ ಮೇಲೆ ದಾಟುತ್ತವೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ಓಡುತ್ತವೆ.

ಊರಿನ ಪಶ್ಚಿಮಕ್ಕೆ ರಿಚರ್ಡ್‌ಸನ್ ಬೆಟ್ಟಗಳ ತನಕ ಹಬ್ಬಿರುವುದು ಪೀಲ್ ಪ್ರಸ್ಥಭೂಮಿ. ಮೇಲಿಂದ ನೋಡಿದರೆ ಗುಡ್ಡ, ತಗ್ಗು, ಪಾಚಿ, ಕುರುಚಲು ಗಿಡ, ಅಲ್ಲಲ್ಲಿ ಚಿಕ್ಕ ಕೆರೆ. ಶಾಂತವಾದ ನೆಲ. ಆದರೆ ಕೆಳಗಿರುವುದು ಬೇರೆಯದೇ ಕಥೆ.

ಕಳೆದ ಹಿಮಯುಗದಲ್ಲಿ ಕೆನಡಾದ ಬಹುಪಾಲನ್ನು ಲಾರೆಂಟೈಡ್ ಅನ್ನುವ ಹಿಮದ ಹಾಸು ಮುಚ್ಚಿತ್ತು. ಕೆಲವು ಕಡೆ ಅದರ ದಪ್ಪ 3 ಕಿಲೋಮೀಟರ್. ಅದರ ಪಶ್ಚಿಮದ ಅಂಚು ಬಂದು ತಾಗಿದ್ದು ಇದೇ ಬೆಟ್ಟಗಳ ಬುಡಕ್ಕೆ. ಆಮೇಲೆ ಹಿಮದ ಹಾಸು ಹಿಂದೆ ಸರಿಯಿತು. ಸರಿಯುವಾಗ ಅಂಚಿನ ತುಂಡುಗಳು ಅಲ್ಲಲ್ಲೇ ಕಳಚಿ ಉಳಿದವು. ಆ ಐಸಿನೊಳಗೆ ಅದು ಹೊತ್ತು ತಂದ ಕಲ್ಲು, ಜೇಡಿ, ಮರಳು ಎಲ್ಲಾ ಇತ್ತು. ಮೇಲಿನ ಐಸ್ ಕರಗಿದಂತೆ ಆ ಮಣ್ಣು ಮೇಲೇ ಕೂತು ದಪ್ಪ ಹೊದಿಕೆಯಾಯಿತು. ಹೊದಿಕೆ ಸಾಕಷ್ಟು ದಪ್ಪವಾದಾಗ ಕರಗುವುದೇ ನಿಂತುಹೋಯಿತು.

ಐಸ್ ಮಾರುವವರು ದೊಡ್ಡ ಐಸ್ ಗಟ್ಟಿಯ ಮೇಲೆ ಮರದ ಹೊಟ್ಟು ಸುರಿದು ಗೋಣಿಚೀಲ ಹೊದಿಸುವುದನ್ನು ನೀವು ನೋಡಿರಬಹುದು. ಸುಡು ಬಿಸಿಲಲ್ಲೂ ಗಟ್ಟಿ ಸಂಜೆವರೆಗೆ ಉಳಿಯುತ್ತದೆ. ಇಲ್ಲೂ ಅದೇ ಆಯಿತು. ಹೊಟ್ಟಿನ ಬದಲು ಮಣ್ಣು, ಗೋಣಿಯ ಬದಲು ಪಾಚಿ, ಸಂಜೆಯ ಬದಲು ಸಾವಿರಾರು ವರ್ಷ.

ಇದನ್ನು ಸಾಧ್ಯ ಮಾಡಿದ್ದು ಪರ್ಮಾಫ್ರಾಸ್ಟ್. ಅಂದರೆ ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೇ ಇರುವ ನೆಲ. ಪ್ರತಿ ಬೇಸಿಗೆಯಲ್ಲೂ ಅದರ ಮೇಲಿನ ತೆಳು ಪದರ ಮಾತ್ರ ಕರಗಿ, ಚಳಿಗೆ ಮತ್ತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಐಸಿಗೆ ಬೇಸಿಗೆ ಬಂದದ್ದೇ ಗೊತ್ತಾಗುವುದಿಲ್ಲ.

ನೆಲದೊಳಗಿನ ಐಸ್ ಎಲ್ಲಾ ಹಿಮನದಿಯದೇ ಆಗಿರಬೇಕಿಲ್ಲ. ನೆಲದ ನೀರೇ ಅಲ್ಲೇ ಹೆಪ್ಪುಗಟ್ಟಿಯೂ ದೊಡ್ಡ ಐಸ್ ಪದರ ಆಗಬಹುದು. ಈ ಬಗ್ಗೆ ವಿಜ್ಞಾನಿಗಳ ನಡುವೆ ದಶಕಗಳಿಂದ ವಾದ ನಡೆದಿದೆ. ಗುರುತು ಹಿಡಿಯಲು ಕೆಲವು ಸುಳಿವುಗಳಿವೆ. ಐಸಿನಲ್ಲಿ ಮಣ್ಣಿನ ಪಟ್ಟೆಗಳು ಮಡಚಿಕೊಂಡಿರುತ್ತವೆ. ಗೀರು ಬಿದ್ದ ಕಲ್ಲುಗಳು ಸಿಗುತ್ತವೆ. ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾದ ಗಾಳಿಗುಳ್ಳೆಗಳಿರುತ್ತವೆ. ಐಸಿನ ಆಮ್ಲಜನಕದ ಐಸೊಟೋಪುಗಳನ್ನು, ಅಂದರೆ ಅದೇ ಆಮ್ಲಜನಕದ ಹಗುರ ಮತ್ತು ಭಾರದ ರೂಪಗಳನ್ನು, ಅಳೆದರೆ ಅದು ಇಂದಿಗಿಂತ ತುಂಬಾ ಚಳಿ ಇದ್ದ ಕಾಲದ ಹಿಮವೋ ಅಲ್ಲವೋ ಅಂತ ತಿಳಿಯುತ್ತದೆ.

ಒಂದು ಗೆರೆ, ಎರಡು ಬಣ್ಣ

ಪೀಲ್ ಪ್ರಸ್ಥಭೂಮಿಯಲ್ಲಿ ನೆಲ ಕುಸಿದು ಐಸ್ ಹೊರಗೆ ಬಂದಿರುವ ಕಡೆ ಹೋಗಿ ಗೋಡೆಯ ಎದುರು ನಿಂತರೆ ಒಂದು ಗೆರೆ ಕಾಣುತ್ತದೆ. ಗೆರೆಯ ಮೇಲೆ ಕಂದು ಮಣ್ಣು, ಬೇರುಗಳು. ಗೆರೆಯ ಕೆಳಗೆ ಬೂದು ಬಣ್ಣ, ಐಸ್ ತುಂಬಿದ ಜೇಡಿ, ಅದರ ಕೆಳಗೆ ಹೊಳೆಯುವ ಕೊಳಕು ಐಸ್. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಬೀಗದ ಕೈ ಇರುವುದು ಆ ಗೆರೆಯಲ್ಲಿ.

ಹಿಮಯುಗ ಮುಗಿದ ಮೇಲೆ, ಸುಮಾರು ಒಂಬತ್ತು ಹತ್ತು ಸಾವಿರ ವರ್ಷಗಳ ಹಿಂದೆ, ಈ ಸೀಮೆಯಲ್ಲಿ ಬೇಸಿಗೆ ಈಗಿನದಕ್ಕಿಂತಲೂ ಬೆಚ್ಚಗಿದ್ದ ಒಂದು ಕಾಲ ಬಂದಿತ್ತು. ಆಗ ನೆಲ ಆ ಗೆರೆಯ ತನಕ ಕರಗಿತು. ಅಲ್ಲಿಗೆ ನಿಂತಿತು. ಯಾಕೆ ನಿಂತಿತು? ಕರಗಿದ ಐಸಿನಿಂದ ಬಿಡುಗಡೆಯಾದ ಮಣ್ಣು ಅಲ್ಲೇ ಉಳಿದು ಹೊದಿಕೆಯನ್ನು ಇನ್ನಷ್ಟು ದಪ್ಪ ಮಾಡಿತು. ಕರಗುವಿಕೆ ತನಗೆ ತಾನೇ ಬಾಗಿಲು ಹಾಕಿಕೊಂಡಿತು ಅನ್ನಿ. ಆಮೇಲೆ ಮತ್ತೆ ಚಳಿ ಬಂತು, ಮೇಲಿನ ಮಣ್ಣೂ ಹೆಪ್ಪುಗಟ್ಟಿತು.

ಅಂದರೆ ಈ ಐಸ್ ಒಂದು ದೊಡ್ಡ ಬಿಸಿಯನ್ನು ಆಗಲೇ ದಾಟಿ ಬಂದಿದೆ. ಹಾಗಾದರೆ ಈಗ ಯಾಕೆ ಸೋಲುತ್ತಿದೆ? ಈ ಪ್ರಶ್ನೆ ಕೇಳದೆ ಸುಮ್ನೆ 'ಬಿಸಿ ಜಾಸ್ತಿಯಾಯಿತು, ಐಸ್ ಕರಗಿತು' ಅಂದುಬಿಟ್ಟರೆ ಅರ್ಧ ಕಥೆ ಕೈತಪ್ಪಿಹೋಗುತ್ತದೆ.

ಗಾಯ ಮುಚ್ಚದೇ ಹೋದದ್ದು

ಇಲ್ಲಿನ ಕುಸಿತಗಳು ಹೆಚ್ಚಾಗಿ ಶುರುವಾಗುವುದು ಇಳಿಜಾರಿನ ಬುಡದಲ್ಲಿ. ತೊರೆಯೊಂದು ಗುಡ್ಡದ ಕಾಲನ್ನು ಕೊರೆಯುತ್ತದೆ. ಒಂದು ತುಂಡು ನೆಲ ಜಾರುತ್ತದೆ. ಒಳಗಿನ ಐಸ್ ಬಿಸಿಲಿಗೆ ಬೀಳುತ್ತದೆ. ಈಗ ಐಸ್ ಕರಗುವುದು ಮೇಲಿನಿಂದ ಅಲ್ಲ, ಪಕ್ಕದಿಂದ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ವಾರಗಟ್ಟಲೆ ಮುಳುಗುವುದೇ ಇಲ್ಲ. ತೆರೆದ ಐಸ್ ಗೋಡೆ ದಿನಕ್ಕೆ ಕೆಲವು ಸೆಂಟಿಮೀಟರ್ ಹಿಂದೆ ಸರಿಯುತ್ತಾ ಹೋಗುತ್ತದೆ.

ಇದು ಹತ್ತಿರದಿಂದ ಹೇಗಿರುತ್ತದೆ ಅಂದರೆ, ಗೋಡೆಯ ಮೈ ಒದ್ದೆಯಾಗಿ ಮಿರುಗುತ್ತಿರುತ್ತದೆ. ಎಲ್ಲಾ ಕಡೆಯಿಂದ ಹನಿ. ಹನಿಯ ಜೊತೆ ಮಣ್ಣು ಇಳಿಯುತ್ತದೆ. ನಡುನಡುವೆ ಒಂದು ಕಲ್ಲು ಐಸಿನಿಂದ ಬಿಡಿಸಿಕೊಂಡು ಕೆಳಗಿನ ಕೆಸರಿಗೆ ಬೀಳುತ್ತದೆ. ಮೇಲಿನ ಪಾಚಿಯ ಹಾಸು ಆಸರೆ ಇಲ್ಲದೆ ಸೂರಿನ ಹಾಗೆ ಹೊರಚಾಚಿ ನಿಂತಿರುತ್ತದೆ. ಸ್ವಲ್ಪ ಹೊತ್ತಿಗೆ ಅದೂ ಹರಿದು, ಗಿಡಗಳ ಸಮೇತ ಕೆಳಗೆ ಬೀಳುತ್ತದೆ. ಕೆಳಗಿನ ಕೆಸರು ಗಂಜಿಯ ಹಾಗೆ. ಕಾಲಿಟ್ಟರೆ ಹೂತುಹೋಗುತ್ತದೆ.

ಇಲ್ಲಿ ಎರಡು ದಾರಿಗಳಿವೆ. ಬಿದ್ದ ಕೆಸರು ಗೋಡೆಯ ಬುಡದಲ್ಲೇ ರಾಶಿಯಾದರೆ ಅದು ನಿಧಾನವಾಗಿ ಐಸನ್ನು ಮತ್ತೆ ಮುಚ್ಚುತ್ತದೆ. ಕೆಲವು ವರ್ಷಗಳಲ್ಲಿ ಗಾಯ ಮಾಯುತ್ತದೆ, ಹುಲ್ಲು ಬೆಳೆಯುತ್ತದೆ. ಕೆಸರು ಹರಿದುಹೋದರೆ? ಐಸ್ ತೆರೆದೇ ಇರುತ್ತದೆ. ಗೋಡೆ ಹಿಂದೆ ಸರಿಯುತ್ತಲೇ ಇರುತ್ತದೆ. ಎತ್ತರವೂ ಏರುತ್ತದೆ. ಪೀಲ್ ಸೀಮೆಯಲ್ಲಿ 25 ಮೀಟರ್ ತನಕ ಎತ್ತರದ ಗೋಡೆಗಳಿವೆ, ಎಂಟು ಮಹಡಿ ಕಟ್ಟಡದಷ್ಟು.

ಕೆಸರು ಹರಿಯುವಂತೆ ಮಾಡಿದ್ದು ಮಳೆ. ಸಂಶೋಧಕರು ಈ ಸೀಮೆಯ ಕುಸಿತಗಳ ಎದುರು ಕ್ಯಾಮೆರಾ ಇಟ್ಟು, ಮಳೆ ಅಳೆದು, ಹಳೆಯ ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ ನೋಡಿದರು. ಜೋರು ಮಳೆ ಬಂದಾಗ ಗುಂಡಿಯ ತಳದ ಕೆಸರು ಮೆದುವಾಗಿ ಒಟ್ಟಿಗೆ ಕಣಿವೆಗೆ ಇಳಿಯುತ್ತಿತ್ತು. ಗೋಡೆಯ ಬುಡ ಮತ್ತೆ ಸ್ವಚ್ಛ. ಬೇಸಿಗೆ ಮಳೆ ಜಾಸ್ತಿಯಾದಂತೆ ಕುಸಿತಗಳು ಮಾಯುವುದನ್ನೇ ಮರೆತವು. 2015ರಲ್ಲಿ ಪ್ರಕಟವಾದ ಈ ಕೆಲಸ ನನ್ನ ಕಣ್ಣಲ್ಲಿ ದೊಡ್ಡ ತಿರುವು. ಅಲ್ಲಿಯವರೆಗೆ ಎಲ್ಲರ ಕಣ್ಣು ಥರ್ಮಾಮೀಟರಿನ ಮೇಲಿತ್ತು. ಮಳೆಮಾಪಕವನ್ನೂ ಅಷ್ಟೇ ಗಮನದಿಂದ ನೋಡಬೇಕು ಅಂತ ಆಗ ಗಟ್ಟಿಯಾಯಿತು.

ಹತ್ತು ಸಾವಿರ ವರ್ಷಗಳ ಹಿಂದೆ ಐಸನ್ನು ಉಳಿಸಿದ್ದು ಅಲ್ಲೇ ಉಳಿದ ಮಣ್ಣು. ಈಗ ಅದನ್ನು ಕಳೆಯುತ್ತಿರುವುದು ಹರಿದುಹೋಗುವ ಮಣ್ಣು. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲವೂ.

ಗೋಡೆ ಕೆರೆಯ ಹತ್ತಿರ ಬಂದಾಗ

ನಮ್ಮ ಹೆಸರಿಲ್ಲದ ಕೆರೆ ಇಂಥ ಒಂದು ದೊಡ್ಡ ಕುಸಿತದ ತಲೆಯ ಮೇಲೆ ಕೂತಿತ್ತು. ಗೋಡೆ ವರ್ಷ ವರ್ಷ ಹಿಂದೆ ಸರಿದು ಕೆರೆಯ ಕಡೆಗೇ ಬರುತ್ತಿತ್ತು. ಕೆರೆಗೂ ಗೋಡೆಗೂ ನಡುವೆ ಉಳಿದದ್ದು ಐಸ್ ತುಂಬಿದ ಒಂದು ತೆಳು ದಡ. ಅದನ್ನೇ ನಾನು ಏರಿ ಅಂದದ್ದು.

ಆ ಪ್ರಾಂತ್ಯದ ಸರ್ಕಾರಿ ಭೂವಿಜ್ಞಾನ ಸಮೀಕ್ಷೆಯ ತಂಡ ಇದನ್ನು ಗಮನಿಸಿತು. ಈಗ ಏನು ಮಾಡಬೇಕು?

ಅವರ ಜಾಗದಲ್ಲಿ ನಿಂತು ಯೋಚಿಸಿ ನೋಡೋಣ. ಗೋಡೆಗೆ ಏನಾದರೂ ಹೊದಿಸಿ ಕರಗುವುದನ್ನು ನಿಲ್ಲಿಸಬಹುದಾ? ಐಸ್ ಗಟ್ಟಿಗೆ ಗೋಣಿ ಹೊದಿಸಿದ ಹಾಗೆ? ಅಷ್ಟು ದೊಡ್ಡ ಗೋಡೆ, ರಸ್ತೆ ಇಲ್ಲದ ಜಾಗ, ಬುಡದಲ್ಲಿ ನಿಲ್ಲಲಾಗದ ಕೆಸರು. ಯಂತ್ರ ತಂದರೆ ಆ ಯಂತ್ರದ ಚಕ್ರಗಳೇ ಸುತ್ತಲಿನ ಪಾಚಿಯನ್ನು ಹರಿದು ಹೊಸ ಗಾಯ ಮಾಡುತ್ತವೆ.

ಕೆರೆಯನ್ನೇ ಮೊದಲೇ ಖಾಲಿ ಮಾಡಬಹುದಾ? ಇದು ಹುಚ್ಚು ಯೋಚನೆ ಏನಲ್ಲ. 1978ರ ಆಗಸ್ಟ್‌ನಲ್ಲಿ, ಇಲ್ಲಿಂದ ಉತ್ತರಕ್ಕೆ ಸಮುದ್ರದ ದಡದಲ್ಲಿರುವ ಇಲ್ಲಿಸಾರ್ವಿಕ್ ಅನ್ನುವ ಕೆರೆಯನ್ನು ಸಂಶೋಧಕರು ಕಾಲುವೆ ತೋಡಿ ಬೇಕೆಂದೇ ಖಾಲಿ ಮಾಡಿದ್ದರು. ಖಾಲಿಯಾದ ಕೆರೆಯಂಗಳದಲ್ಲಿ ಪರ್ಮಾಫ್ರಾಸ್ಟ್ ಮತ್ತೆ ಹೇಗೆ ಬೆಳೆಯುತ್ತದೆ ಅಂತ ನೋಡುವುದು ಅವರ ಉದ್ದೇಶ. ಆದರೆ ಐಸ್ ತುಂಬಿದ ನೆಲದಲ್ಲಿ ತೋಡಿದ ಕಾಲುವೆ ನಾವು ತೋಡಿದಷ್ಟೇ ಉಳಿಯುವುದಿಲ್ಲ. ಹರಿಯುವ ನೀರು ಶಾಖ ಹೊತ್ತು ತರುತ್ತದೆ. ಅದು ಐಸನ್ನು ಕರಗಿಸುತ್ತಾ ಕಾಲುವೆಯನ್ನು ತಾನೇ ಅಗಲ, ಆಳ ಮಾಡಿಕೊಳ್ಳುತ್ತದೆ. ಒಡೆಯುವುದನ್ನು ತಪ್ಪಿಸಲು ಹೋಗಿ ನಾವೇ ಒಡೆದ ಹಾಗಾಗುತ್ತದೆ.

ತಂಡ ಮಾಡಿದ್ದು ಮೂರನೆಯದನ್ನು. ನೆಲವನ್ನು ಮುಟ್ಟಲಿಲ್ಲ. ಈ ಕೆರೆ ಇದೇ ವರ್ಷ ಒಡೆಯುವ ಸಾಧ್ಯತೆ ಇದೆ ಅಂತ ಬಹಿರಂಗವಾಗಿ ಹೇಳಿದರು. ಊರಿಗೆ ಅಪಾಯ ಇಲ್ಲ ಅನ್ನುವುದನ್ನೂ ಹೇಳಿದರು. ಎದುರಿಗೆ ಕ್ಯಾಮೆರಾಗಳನ್ನು ನಿಲ್ಲಿಸಿದರು, ತಾವಾಗಿಯೇ ಸಮಯಕ್ಕೆ ಸರಿಯಾಗಿ ಚಿತ್ರ ತೆಗೆಯುತ್ತಾ ಇರುವಂಥವು.

ಇದು 'ಕೈಕಟ್ಟಿ ಕೂತರು' ಅಂತ ಕಾಣಬಹುದು. ನಾನು ಹಾಗೆ ಒಪ್ಪುವುದಿಲ್ಲ. ಮುಂಚೆಯೇ ಹೇಳುವುದಕ್ಕೆ ಧೈರ್ಯ ಬೇಕು. ಹೇಳಿದ ವರ್ಷ ಕೆರೆ ಒಡೆಯದೇ ಹೋದರೆ ಜನ ಮುಂದಿನ ಸಲ ನಂಬುವುದಿಲ್ಲ. ಹೇಳದೇ ಇದ್ದು ಒಡೆದರೆ ಕೆಳಗಿನ ಕಣಿವೆಯಲ್ಲಿ ಬಲೆ ಹಾಕಲು ಹೋದವರು ಸಿಕ್ಕಿಬೀಳಬಹುದು. ಇಂಥ ಸಂದರ್ಭದಲ್ಲಿ ಅಂದಾಜನ್ನು ಅಂದಾಜು ಅಂತಲೇ ಜನರ ಮುಂದಿಡುವುದು ನಿಜವಾದ ಕೆಲಸ.

ಆ ಎರಡು ಗಂಟೆ

ಕೆರೆ ಒಡೆಯಿತು. ಕ್ಯಾಮೆರಾ ಅದನ್ನು ಹಿಡಿಯಿತು. 2015ರ ಡಿಸೆಂಬರ್‌ನಲ್ಲಿ ಆ ಚಿತ್ರಗಳು ಹೊರಗೆ ಬಂದವು. 'ಬಂಡೆಯಂಚಿನಿಂದ ಬಿದ್ದ ಕೆರೆ' ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ಏನೂ ಇಲ್ಲ. ಆಮೇಲೆ ಗೋಡೆಯ ಒಂದು ಕಡೆ ನೀರು ಕಾಣುತ್ತದೆ. ನೋಡುತ್ತಿದ್ದಂತೆ ಅದು ಜಲಪಾತ. ನೀರು ಬೀಳುತ್ತಾ ತಾನು ಬರುವ ದಾರಿಯನ್ನೇ ಕತ್ತರಿಸಿ ದೊಡ್ಡದು ಮಾಡಿಕೊಳ್ಳುತ್ತದೆ. ಎರಡು ಗಂಟೆಗಳಲ್ಲಿ ಸುಮಾರು 30,000 ಘನ ಮೀಟರ್ ನೀರು ಹೊರಟುಹೋಯಿತು. ಅಂದರೆ 3 ಕೋಟಿ ಲೀಟರ್. 6,000 ಲೀಟರಿನ ನೀರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹೇಳಿದರೆ 5,000 ಟ್ಯಾಂಕರ್. ಸೆಕೆಂಡಿಗೆ 4,000 ಲೀಟರಿಗಿಂತ ಜಾಸ್ತಿ.

ಸಾವಿರಾರು ವರ್ಷ ನಿಂತಿದ್ದ ಐಸ್, ವರ್ಷಗಟ್ಟಲೆ ಹಿಂದೆ ಸರಿದ ಗೋಡೆ, ಎರಡು ಗಂಟೆಯ ನೀರು. ಮೂರೂ ಒಂದೇ ಸರಪಳಿಯ ಕೊಂಡಿಗಳು. 'ಹೂತ ಐಸ್ ನಿಧಾನವಾಗಿ ಕರಗುತ್ತದೆ' ಅನ್ನುವುದು ಸುಳ್ಳಲ್ಲ. ಆದರೆ ಆ ನಿಧಾನ ಹೊದಿಕೆ ಇರುವಷ್ಟು ದಿನ ಮಾತ್ರ, ಅಲ್ವಾ?

ಆಮೇಲೆ ಕಂಡದ್ದು

ಇದೊಂದೇ ಕೆರೆಯ ಕಥೆಯಾಗಿದ್ದರೆ ಅಪರೂಪದ ಘಟನೆ ಅಂತ ಬಿಡಬಹುದಿತ್ತು. 2017ರಲ್ಲಿ ಇದೇ ಸೀಮೆಯ ಸಂಶೋಧಕರು ವಾಯುವ್ಯ ಕೆನಡಾದ 12 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ ನೆಲವನ್ನು ಉಪಗ್ರಹ ಚಿತ್ರಗಳಲ್ಲಿ ಜಾಲಾಡಿದರು. ದೊಡ್ಡ ಕುಸಿತಗಳು ಎಲ್ಲೆಂದರಲ್ಲಿ ಇರಲಿಲ್ಲ. ಹಳೆಯ ಹಿಮದ ಹಾಸಿನ ಅಂಚುಗಳು ನಿಂತಿದ್ದ ಜಾಗಗಳ ಉದ್ದಕ್ಕೂ ಸಾಲಾಗಿ ಇದ್ದವು. ಹಿಮಯುಗದ ನಕ್ಷೆಯನ್ನು ಇಂದಿನ ಕೆಸರು ಮತ್ತೆ ಬರೆಯುತ್ತಿತ್ತು. ಆದ್ದರಿಂದ ಎಲ್ಲಿ ಅಪಾಯ ಅಂತ ತಿಳಿಯಲು ಇಂದಿನ ತಾಪಮಾನದ ನಕ್ಷೆ ಮಾತ್ರ ಸಾಲದು. ಆ ಹಳೆಯ ಹಿಮ ಎಲ್ಲಿ ನಿಂತಿತ್ತು ಅನ್ನುವ ನಕ್ಷೆ ಬೇಕು.

ಎಲ್ಲಾ ಕಡೆ ಕಾರಣ ಮಳೆಯೇ ಅಂತಲೂ ಅಲ್ಲ. ಉತ್ತರದ ಬ್ಯಾಂಕ್ಸ್ ದ್ವೀಪದಲ್ಲಿ 1984ರಿಂದ 2015ರ ನಡುವೆ ಇಂಥ ಕುಸಿತಗಳು 60 ಪಟ್ಟು ಹೆಚ್ಚಾದವು. ಅಲ್ಲಿ ದೋಷಿ ಬಿಸಿ ಬೇಸಿಗೆಗಳೇ. 1998, 2010, 2011, 2012, ಈ ನಾಲ್ಕು ಬೇಸಿಗೆಗಳಲ್ಲಿ ಮೇಲಿನ ಪದರ ಆಳಕ್ಕೆ ಕರಗಿ ಐಸ್ ಮುಟ್ಟಿತು. ಕೆಸರು ಹರಿದು 288 ಕೆರೆಗಳ ಬಣ್ಣವೇ ಬದಲಾಯಿತು. ಪೀಲ್‌ನ ಪಾಠವನ್ನು ಬ್ಯಾಂಕ್ಸ್‌ಗೆ ಕಣ್ಣುಮುಚ್ಚಿ ಅಂಟಿಸಿದರೆ ತಪ್ಪಾಗುತ್ತದೆ. ಹೊದಿಕೆಗೆ ಏನಾಗುತ್ತಿದೆ ಅನ್ನುವ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ತೊರೆಗಳ ವಿಷಯ. ನೀರು ಬೀಳುವುದು ಎರಡು ಗಂಟೆ, ಕೆಸರು ಹರಿಯುವುದು ವರ್ಷಗಟ್ಟಲೆ. ಕಣಿವೆಯಲ್ಲಿ ಕೆಸರು ದೊಡ್ಡ ನಾಲಿಗೆಯ ಹಾಗೆ ಚಾಚಿ ತೊರೆಗೆ ಅಡ್ಡ ಕೂರುತ್ತದೆ. ತಿಳಿಯಾಗಿ ಹರಿಯುತ್ತಿದ್ದ ನೀರು ಸಿಮೆಂಟ್ ಕಲಸಿದ ಹಾಗಾಗುತ್ತದೆ. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಪಾದರಸವೂ ಇದೆ, ಅದು ಕೆಸರಿನ ಕಣಗಳಿಗೆ ಅಂಟಿಕೊಂಡು ತೊರೆಗೆ ಇಳಿಯುತ್ತದೆ ಅಂತ 2018ರಲ್ಲಿ ಅಳೆದು ತೋರಿಸಿದರು. ಗಂಧಕವಿರುವ ಖನಿಜಗಳು ಗಾಳಿ, ನೀರಿಗೆ ತೆರೆದುಕೊಂಡು ಆಮ್ಲವಾಗಿ, ಸುಣ್ಣದ ಕಣಗಳನ್ನು ಕರಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. 'ನೀರಿನ ಮೂಲದ ಜನ' ಅಂತ ಹೆಸರಿಟ್ಟುಕೊಂಡವರ ಮನೆಬಾಗಿಲಲ್ಲಿ ಇದು ನಡೆಯುತ್ತಿದೆ.

ರಸ್ತೆ ಕಟ್ಟುವವರು ಇಂಥ ನೆಲದಿಂದ ಕಲಿತ ಪಾಠ ಸರಳ: ಅಗೆಯಬೇಡಿ. ಇದೇ ಸೀಮೆಯಲ್ಲಿ ಇನುವಿಕ್‌ನಿಂದ ಟುಕ್ಟೊಯಾಕ್ಟಕ್‌ಗೆ ಹೋಗುವ ಹೆದ್ದಾರಿ 2017ರ ನವೆಂಬರ್‌ನಲ್ಲಿ ತೆರೆಯಿತು. ಹೆಚ್ಚಿನ ಕೆಲಸ ಮಾಡಿದ್ದು ಚಳಿಗಾಲದಲ್ಲಿ, ನೆಲ ಕಲ್ಲಿನಂತೆ ಗಟ್ಟಿಯಿದ್ದಾಗ. ಪಾಚಿ ಕೀಳದೆ, ಅದರ ಮೇಲೆ ಬಟ್ಟೆಯಂಥ ಹಾಸು ಹಾಸಿ, ಮಣ್ಣು ಜಲ್ಲಿ ಏರಿಸಿದರು. ಗುಡ್ಡ ಕಡಿದು ತಗ್ಗು ತುಂಬುವ ನಮ್ಮ ಮಾಮೂಲಿ ವಿಧಾನ ಅಲ್ಲಿ ನಡೆಯುವುದಿಲ್ಲ. ಕಡಿದ ಕೂಡಲೇ ಐಸಿಗೆ ಕಿಟಕಿ ತೆರೆದ ಹಾಗೆ.

ಈ ನೆಲವನ್ನು ನೋಡುವ ಹೊಸ ಕಣ್ಣೊಂದರಲ್ಲಿ ನಮ್ಮ ಪಾಲೂ ಇದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹವನ್ನು ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದವು. ಅದರ ಭಾಗಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. ಅದರ ರೇಡಾರ್ ಮೋಡದ ಮೂಲಕ, ಕತ್ತಲಲ್ಲೂ ನೆಲ ನೋಡುತ್ತದೆ. ಭೂಮಿಯ ಬಹುತೇಕ ಎಲ್ಲಾ ನೆಲವನ್ನು 12 ದಿನಕ್ಕೊಮ್ಮೆ ಮತ್ತೆ ಅಳೆದು, ಸೆಂಟಿಮೀಟರ್ ಲೆಕ್ಕದ ಏರಿಳಿತ ಹಿಡಿಯಲು ಅದನ್ನು ಮಾಡಿದ್ದಾರೆ. ಕೆರೆಯ ಏರಿ ಮೆಲ್ಲಗೆ ಕುಗ್ಗುವುದನ್ನು ದೂರದಿಂದಲೇ ನೋಡಲು ಇಂಥದ್ದೇ ಬೇಕು.

ನೋಡಲು ಹೊತ್ತು ಜಾಸ್ತಿ ಇಲ್ಲ. ಬಿಸಿಲಿಗೆ ಬಂದ ಐಸ್ ತನ್ನೊಳಗಿನ ಗುಳ್ಳೆಗಳನ್ನು, ಹಳೆಯ ಕಾಲದ ಗಾಳಿಯನ್ನು, ಅಳೆಯಲು ಯಾರಾದರೂ ಬರುವ ಮೊದಲೇ ಕಳೆದುಕೊಳ್ಳಬಹುದು. ಆ ಗೋಡೆಯ ಮೇಲಿನ ಗೆರೆಯೂ ಹಾಗೆಯೇ. ಮೇಲೆ ಕಂದು, ಕೆಳಗೆ ಬೂದು. ಹತ್ತು ಸಾವಿರ ವರ್ಷಗಳ ಹಿಂದೆ ಕರಗುವುದು ಎಲ್ಲಿ ನಿಂತಿತ್ತು ಅಂತ ಹೇಳುತ್ತಿದ್ದ ಆ ಗೆರೆ, ಗೋಡೆ ಸರಿದಂತೆಲ್ಲ ಒಂದೊಂದೇ ಹೆಂಟೆಯಾಗಿ ಕೆಳಗಿನ ಕೆಸರಿಗೆ ಬೀಳುತ್ತಿದೆ.